ಕೌಂಟರಿನ ಎದುರು ನಿಂತವರನ್ನೇ ಕೇಳಿ

ನಾನು ಉಡುಪಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಆಫೀಸರ್. ಯಾವ ಬ್ಯಾಂಕ್ ಎಂದು ಹೇಳುವುದಿಲ್ಲ. ಈಗ ಬರೆಯುವ ಅಭ್ಯಾಸ ಎಲ್ಲ ಬ್ಯಾಂಕುಗಳಲ್ಲೂ ಇರುವಂಥದ್ದೇ. ಕಣ್ಣು ಕಾಣದ ಗ್ರಾಹಕರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಬಂದರೆ, ಕೌಂಟರಿನಲ್ಲಿ ಕೂತವರು ಆ ಜೊತೆಗಾರರ ಮುಖ ನೋಡಿ ಕೇಳುತ್ತಾರೆ: "ಇವರಿಗೆ ಎಂತ ಬೇಕಂತೆ?" ಖಾತೆ ಇವರದು, ಹಣ ಇವರದು, ಪ್ರಶ್ನೆ ಮಾತ್ರ ಪಕ್ಕದವರಿಗೆ. ಆ ಪಕ್ಕದವರು ಎಷ್ಟೋ ಸಲ ಸ್ಟ್ಯಾಂಡಿನಿಂದ ಕರೆದುಕೊಂಡು ಬಂದ ರಿಕ್ಷಾ ಡ್ರೈವರ್ ಆಗಿರುತ್ತಾರೆ!

ಹೀಗೆ ಕೇಳುವವರು ಕೆಟ್ಟವರೇನಲ್ಲ. ಎದ್ದು ಹೋಗಿ ಕುರ್ಚಿ ಎಳೆದು ಕೊಡುವವರೂ ಅವರೇ. ಆದರೆ ನಮ್ಮ ಕೆಲಸದಲ್ಲಿ ಕನಿಕರದ ಜೊತೆ ಭಯವೂ ಸೇರಿಕೊಳ್ಳುತ್ತದೆ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಆಡಿಟಿನವರು ಕೇಳುವುದು ನಮ್ಮನ್ನು. ಹಾಗಾಗಿ ಸುಲಭದ ಉತ್ತರ "ಬೇಡ". ಚೆಕ್ ಬುಕ್ ಬೇಡ, ಯಾರಾದರೂ ಮೋಸ ಮಾಡುತ್ತಾರೆ. ಎಟಿಎಂ ಕಾರ್ಡ್ ಬೇಡ, ಪಿನ್ ಬೇರೆಯವರಿಗೆ ಗೊತ್ತಾಗುತ್ತದೆ. ಲಾಕರ್ ಅಂತೂ ಬೇಡವೇ ಬೇಡ. ಎಲ್ಲವೂ "ನಿಮ್ಮ ಒಳ್ಳೆಯದಕ್ಕೇ".

ನಮ್ಮಲ್ಲಿ ಈ "ಬೇಡ"ಕ್ಕೆ ಸರಿಯಾದ ಉತ್ತರ ಕೊಟ್ಟವರು ಒಬ್ಬರು ಹೈಸ್ಕೂಲ್ ಮಾಷ್ಟ್ರು. ಸಮಾಜ ವಿಜ್ಞಾನ ಕಲಿಸುವವರು, ಪೂರ್ತಿ ಅಂಧರು. ಚೆಕ್ ಬುಕ್ ಕೇಳಿದಾಗ ನನ್ನ ಸಹೋದ್ಯೋಗಿ ಮೆಲ್ಲಗೆ, "ಚೆಕ್ ಎಲ್ಲ ಯಾಕೆ ಮಾಷ್ಟ್ರೇ, ರಿಸ್ಕ್ ಅಲ್ವಾ?" ಎಂದರು. ಮಾಷ್ಟ್ರು ನಕ್ಕರು. "ಚೆಕ್ ಬರೆಯುವುದು ಹೇಗೆ ಅಂತ ಮಕ್ಕಳಿಗೆ ಪಾಠ ಮಾಡುವುದೇ ನಾನು ಮಾರಾಯ್ರೆ. ನಿಮ್ಮ ಆರ್‌ಬಿಐ ಸರ್ಕ್ಯುಲರ್ ಒಮ್ಮೆ ತೆಗೆದು ನೋಡಿ."

ತೆಗೆದು ನೋಡಿದೆವು. 2008ರ ಜೂನ್‌ನದು. ಚೆಕ್ ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್, ಎಲ್ಲವನ್ನೂ ದೃಷ್ಟಿ ಇಲ್ಲದ ಗ್ರಾಹಕರಿಗೆ ಭೇದ ಮಾಡದೆ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಮೂರನೆಯವರ ಹೆಸರಿಗೆ ಚೆಕ್ ಕೊಡುವುದೂ ಅದರಲ್ಲಿ ಸೇರಿದೆ. ಮೋಸದ ಭಯ ಇದ್ದರೆ ಅದನ್ನು ಅವರಿಗೆ ವಿವರಿಸಿ ಹೇಳಬಹುದು, ಅಷ್ಟೇ. ತೀರ್ಮಾನ ಅವರದು. ಕಣ್ಣಿರುವ ಗ್ರಾಹಕರೂ ಒಟಿಪಿ ಹೇಳಿ ಲಕ್ಷಗಟ್ಟಲೆ ಕಳೆದುಕೊಳ್ಳುತ್ತಾರೆ, ಅವರಿಗೆ ಯಾರೂ ಮೊಬೈಲ್ ಬೇಡ ಎನ್ನುವುದಿಲ್ಲವಲ್ಲ!

ಆಮೇಲೆ ಸಹಿಯ ಪ್ರಶ್ನೆ ಬಂತು. ಕಣ್ಣು ಕಾಣದವರು ಎಂದರೆ ಹೆಬ್ಬೆಟ್ಟು ಎಂಬ ಲೆಕ್ಕ ಇನ್ನೂ ಹಲವರ ತಲೆಯಲ್ಲಿದೆ. ಎಂಎ ಓದಿದವರ ಎದುರಿಗೂ ಇಂಕ್ ಪ್ಯಾಡ್ ಇಡುವುದು! ಮಾಷ್ಟ್ರಿಗೆ ಸಹಿ ಚೆನ್ನಾಗಿಯೇ ಬರುತ್ತಿತ್ತು. ಗೆರೆ ಕಾಣದ ಕಾರಣ ಅದು ಮೇಲೆ ಕೆಳಗೆ ಓಡುತ್ತಿತ್ತು. ಹಳೆ ಕ್ಯಾಲೆಂಡರಿನ ದಪ್ಪ ರಟ್ಟಿನಲ್ಲಿ ಸಹಿಯಷ್ಟು ಉದ್ದದ ಕಿಂಡಿ ಕತ್ತರಿಸಿ, ಚೆಕ್ಕಿನ ಮೇಲೆ ಸರಿಯಾದ ಜಾಗದಲ್ಲಿ ಇಟ್ಟು ಕೊಟ್ಟೆ. ಕಿಂಡಿಯೊಳಗೆ ಬೆರಳಾಡಿಸಿ ಸಹಿ ಹಾಕಿದರು. ಕೌಂಟರಿನ ಡ್ರಾಯರಿನಲ್ಲಿ ಈಗ ಅಂಥ ರಟ್ಟುಗಳು ಇವೆ. ಕೈ ನಡುಗುವ ಅಜ್ಜಂದಿರಿಗೂ ಅದೇ ಬೇಕಂತೆ.

ನನ್ನನ್ನು ಇನ್ನೂ ಕಾಡುವುದು ಬೇರೆ ಒಂದು ಪ್ರಸಂಗ. ಸೆರೆಬ್ರಲ್ ಪಾಲ್ಸಿ ಇರುವ ಯುವಕ, ಮಣಿಪಾಲದ ಕಡೆ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ. ಸಂಬಳದ ಖಾತೆ ತೆರೆಯಲು ಅಮ್ಮನ ಜೊತೆ ಬಂದಿದ್ದ. ಮಾತು ನಿಧಾನ, ಒಂದೊಂದು ಅಕ್ಷರಕ್ಕೂ ಕಷ್ಟಪಡಬೇಕು. ಕೌಂಟರಿನಲ್ಲಿ ಅಮ್ಮನ ಹತ್ತಿರ "ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ" ಎಂದು ಹೇಳಿ ಕಳಿಸುವುದರಲ್ಲಿದ್ದರು. ಅವನು ಮೊಬೈಲ್ ತೆಗೆದು ಟೈಪ್ ಮಾಡಿ ಗಾಜಿಗೆ ಹಿಡಿದ: "ನನ್ನ ಸಂಬಳ. ನನ್ನ ಖಾತೆ. ಅಮ್ಮನಿಗೆ ಬೇರೆ ಖಾತೆ ಉಂಟು."

ಗಾರ್ಡಿಯನ್ ಸರ್ಟಿಫಿಕೇಟ್ ಎಂಬುದು ಇರುವುದು ನಿಜ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಒಂದಕ್ಕಿಂತ ಹೆಚ್ಚು ನ್ಯೂನತೆ ಇರುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಪೋಷಕರನ್ನು, ಅಂದರೆ ಗಾರ್ಡಿಯನ್ ಒಬ್ಬರನ್ನು, ನೇಮಿಸಬಹುದು. ಆ ನೇಮಕ ಅಗತ್ಯ ಇದ್ದವರಿಗೆ. ನಮ್ಮವರು ಕಾಯಿಲೆಯ ಹೆಸರು ಕೇಳಿದ ಕೂಡಲೇ ಆ ಕಾಗದ ಕೇಳುತ್ತಾರೆ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬೀಳುವುದು ಮುಖ್ಯವಾಗಿ ಸ್ನಾಯುಗಳ ಹಿಡಿತಕ್ಕೆ. ಮಾತು ತಡವಾಯಿತೆಂದರೆ ಯೋಚನೆಯೂ ತಡ ಎಂದು ಅರ್ಥವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಮು ಇನ್ನೂ ನೇರವಾಗಿದೆ: ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ, ಬ್ಯಾಂಕ್ ಸಾಲ ಪಡೆಯುವ ಹಕ್ಕು ಅವರಿಗೆ ಎಲ್ಲರಷ್ಟೇ ಇದೆ. ಜೊತೆಗೆ ಬಂದು ಸಹಾಯ ಮಾಡುವವರು ಅವರ ಮೇಲೆ ಒತ್ತಡ ಹಾಕುವಂತಿಲ್ಲ ಎಂದೂ ಅಲ್ಲೇ ಬರೆದಿದೆ. ಮಗನ ಪರವಾಗಿ ಅಮ್ಮನನ್ನು ಕೇಳುವ ನಾವು ಈ ಮಾತನ್ನು ಎರಡು ಸಲ ಓದಬೇಕು.

ಅವನನ್ನು ನನ್ನ ಮೇಜಿಗೆ ಕರೆದೆ. ಕೌಂಟರಿನಲ್ಲಿ ಹಿಂದೆ ಸಾಲು ಇದ್ದರೆ ಯಾರಿಗೂ ನಿಧಾನವಾಗಿ ಮಾತಾಡಲು ಆಗುವುದಿಲ್ಲ. ಅಮ್ಮ ಆಗಾಗ ಅವನ ವಾಕ್ಯ ಪೂರ್ತಿ ಮಾಡಲು ಹೊರಡುತ್ತಿದ್ದರು, ಅವನು ತಲೆ ಅಲ್ಲಾಡಿಸುತ್ತಿದ್ದ. ನಾಮಿನಿ ಯಾರು ಎಂದಾಗ ಅಮ್ಮ ತಮ್ಮ ಹೆಸರು ಹೇಳಿದರು. ಅವನು "ತಂಗಿ" ಎಂದ. ತಂಗಿಯ ಹೆಸರೇ ಬರೆದೆವು. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು. ಆಗಲಿ ಬಿಡಿ, ಎಲ್ಲರ ಮನೆಯಲ್ಲೂ ನಡೆಯುವಂಥದ್ದೇ.

ನೋಟಿನ ವಿಷಯವನ್ನು ನಾನು ಕಲಿತದ್ದು ಮಾಷ್ಟ್ರಿಂದ. ಈಗಿನ 100, 200, 500 ರೂಪಾಯಿ ನೋಟುಗಳ ಅಗಲ ಒಂದೇ, 66 ಮಿಲಿಮೀಟರ್. ಉದ್ದ 142, 146, 150. ಅಂದರೆ 200ಕ್ಕೂ 500ಕ್ಕೂ ಇರುವ ವ್ಯತ್ಯಾಸ ಬರೀ 4 ಮಿಲಿಮೀಟರ್! ಮುಟ್ಟಿ ಗುರುತಿಸಲು 100ರಲ್ಲಿ ಉಬ್ಬಿದ ತ್ರಿಕೋನ, 500ರಲ್ಲಿ ವೃತ್ತ ಇದೆ. ಅಂಚಿನಲ್ಲಿ ಓರೆ ಗೆರೆಗಳೂ ಇವೆ, 100ಕ್ಕೆ ನಾಲ್ಕು, 500ಕ್ಕೆ ಐದು. ಹೊಸ ನೋಟಿನಲ್ಲಿ ಸರಿ. ಮೀನು ಮಾರುಕಟ್ಟೆ ಸುತ್ತಿ, ಆಷಾಢದ ಮಳೆಯಲ್ಲಿ ನೆನೆದು ಬಂದ ನೋಟಿನಲ್ಲಿ ಉಬ್ಬು ಎಲ್ಲಿ ಉಳಿಯುತ್ತದೆ? 2020ರಲ್ಲಿ ಆರ್‌ಬಿಐ ತಂದ 'ಮನಿ' ಆ್ಯಪ್ ಕ್ಯಾಮೆರಾದಲ್ಲಿ ನೋಟು ನೋಡಿ ಎಷ್ಟರದ್ದೆಂದು ಹೇಳುತ್ತದೆ. ಆದರೆ ಕ್ಯಾಷ್ ಕೌಂಟರಿನಲ್ಲಿ ಒಂದೊಂದೇ ನೋಟು ಹಿಡಿದು ನಿಲ್ಲಲು ಯಾರಿಗೆ ಪುರುಸೊತ್ತು? ನಮ್ಮ ಕ್ಯಾಷಿಯರ್ ಈಗ 500ರದ್ದನ್ನು ಬೇರೆ, 100ರದ್ದನ್ನು ಬೇರೆ ಮಾಡಿ, ಬಾಯಿಬಿಟ್ಟು ಎಣಿಸಿ, ಯಾವುದು ಯಾವ ಕೈಗೆ ಎಂದು ಹೇಳಿ ಕೊಡುತ್ತಾರೆ. ಖರ್ಚು ಸೊನ್ನೆ.

ಎಟಿಎಂ ಮಾತಾಡುತ್ತದೆ, ಕೀಲಿಗಳ ಮೇಲೆ ಬ್ರೈಲ್ ಇದೆ. ಇಯರ್‌ಫೋನ್ ಸಿಕ್ಕಿಸುವ ತೂತಿನಲ್ಲಿ ಯಾರೋ ಚೂಯಿಂಗ್ ಗಮ್ ತುಂಬಿಸಿದ್ದರು. ದಿನಾ ಹಣ ತುಂಬುವವರು, ಯಂತ್ರ ಒರೆಸುವವರು, ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಇನ್ನು ರ‍್ಯಾಂಪ್. ಮಳೆನೀರು ಒಳಗೆ ಬರಬಾರದೆಂದು ನಮ್ಮೂರಲ್ಲಿ ಜಗಲಿ ಎತ್ತರಿಸಿಯೇ ಕಟ್ಟುತ್ತಾರೆ. ಎರಡು ಮೆಟ್ಟಿಲು, ಸುಮಾರು 30 ಸೆಂಟಿಮೀಟರ್. 1 ಪಾಲು ಎತ್ತರಕ್ಕೆ 12 ಪಾಲು ಉದ್ದ ಎಂಬ ಲೆಕ್ಕದಲ್ಲಿ ರ‍್ಯಾಂಪ್ 3.6 ಮೀಟರ್ ಉದ್ದ ಬೇಕು. ಕಟ್ಟಡದ ಮಾಲೀಕರು ಒಂದು ಮೀಟರಿನ ಇಳಿಜಾರು ಕಟ್ಟಿಸಿ "ಆಯ್ತಲ್ಲ" ಎಂದರು. ಅದರಲ್ಲಿ ಸಲೀಸಾಗಿ ಹತ್ತುವುದು ಸ್ಕೂಟರ್ ಮಾತ್ರ. ಆ ಜಗಳ ಇನ್ನೂ ಮುಗಿದಿಲ್ಲ.

ಕಿವಿ ಕೇಳದವರಿಗೆ ಮೆಟ್ಟಿಲಿನ ತೊಂದರೆ ಇಲ್ಲ, ಆದರೆ ಕಾರ್ಡ್ ಕಳೆದರೆ "ಕಸ್ಟಮರ್ ಕೇರ್‌ಗೆ ಫೋನ್ ಮಾಡಿ" ಎನ್ನುತ್ತೇವಲ್ಲ! ಟೋಕನ್ ನಂಬರನ್ನೂ ಕೂಗುತ್ತೇವೆ. ಚೀಟಿಯಲ್ಲಿ ಬರೆದು ತೋರಿಸಿದರೆ ಸಾಕು ಎಂದು ನಾವು ಅಂದುಕೊಂಡಿದ್ದೆವು. ಸನ್ನೆ ಭಾಷೆಯಲ್ಲೇ ಬೆಳೆದ ಕೆಲವರಿಗೆ ಬರೆದ ಕನ್ನಡ ಎರಡನೇ ಭಾಷೆ. ಹಾಗಾಗಿ ಚೀಟಿಯಲ್ಲಿ ಉದ್ದ ವಾಕ್ಯ ಬೇಡ, ಮೊತ್ತ, ತಾರೀಕು, ಒಂದು ಬಾಣದ ಗುರುತು ಸಾಕು.

ಮೊಬೈಲಿನಲ್ಲೇ ಎಲ್ಲ ಆಗುತ್ತದೆ, ಇನ್ನೇನು ತೊಂದರೆ ಎನ್ನುವವರಿಗೆ 2025ರ ಏಪ್ರಿಲ್ 30ರ ಸುಪ್ರೀಂ ಕೋರ್ಟ್ ತೀರ್ಪು ನೋಡಲು ಹೇಳುತ್ತೇನೆ. ಡಿಜಿಟಲ್ ಕೆವೈಸಿಯಲ್ಲಿ, ಅಂದರೆ ಗ್ರಾಹಕರ ಗುರುತು ಖಚಿತ ಮಾಡಿಕೊಳ್ಳುವಾಗ, ಮೊಬೈಲ್ "ಕಣ್ಣು ಮಿಟುಕಿಸಿ" ಎನ್ನುತ್ತದೆ. ಆಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಹೇಗೆ ಮಿಟುಕಿಸುವುದು? ಅವರೂ ದೃಷ್ಟಿ ಇಲ್ಲದವರೊಬ್ಬರೂ ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದ ಕೋರ್ಟು, ಕೆವೈಸಿ ಸುಧಾರಿಸಲು 20 ನಿರ್ದೇಶನ ಕೊಟ್ಟಿತು.

ಮನೆಬಾಗಿಲಿನ ಸೇವೆಯ ಬಗ್ಗೆ ಮಾತ್ರ ನಮ್ಮೂರಿನವರು ನೆಪ ಹೇಳಬಾರದು. 70 ದಾಟಿದವರಿಗೆ, ಅಂಗವಿಕಲರಿಗೆ ಮನೆಗೇ ಹೋಗಿ ಹಣ ಕೊಡಿ, ಕೆವೈಸಿ ಕಾಗದ, ಪೆನ್ಷನ್ ಪಡೆಯುವವರು ಬದುಕಿದ್ದಾರೆಂದು ತೋರಿಸುವ ಲೈಫ್ ಸರ್ಟಿಫಿಕೇಟ್ ತೆಗೆದುಕೊಳ್ಳಿ ಎಂದು ಆರ್‌ಬಿಐ ಹೇಳಿದ್ದು 2017ರ ನವೆಂಬರಿನಲ್ಲಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಎಂಬ ದಿನದ ಉಳಿತಾಯ ಶುರು ಮಾಡಿದ್ದು 1928ರಲ್ಲಿ. ದಿನಕ್ಕೆ ಎರಡಾಣೆ ವಸೂಲಿಗೆ ಮನೆ ಮನೆಗೆ ಹೋಗಲು ಆಗ ಜನ ಇದ್ದರು. ಈಗ ನಮ್ಮಲ್ಲಿ "ಸ್ಟಾಫ್ ಇಲ್ಲ" ಎಂಬ ಮಾತು ಬಂದಾಗ ನಾನು ನಮ್ಮ ಪಿಗ್ಮಿ ಏಜೆಂಟರನ್ನೇ ಕರೆದು ಕೇಳಿದೆ. "ಎಂತ ಮೇಡಂ, ನಾನು ದಿನಾ ಅವರ ಗೇಟಿನ ಎದುರಿಂದಲೇ ಹೋಗುವುದಲ್ವಾ" ಎಂದರು. ಮೊದಲು ಶಾಖೆಗೆ ಬರುತ್ತಿದ್ದು ಈಗ ಬರಲಾಗದವರು ಯಾರು, ಯಾವ ಮನೆಯಲ್ಲಿ ವೀಲ್‌ಚೇರ್ ಬಂದಿದೆ, ಯಾರ ಪೆನ್ಷನ್ ಅನ್ನು ಬೇರೆಯವರು ತೆಗೆಯುತ್ತಿದ್ದಾರೆ, ಎಲ್ಲ ಅವರಿಗೆ ಗೊತ್ತು. ಕೊನೆಯ ಗುಂಪಿನವರ ಮನೆಗೆ ಮೊದಲು ಹೋಗುವುದೆಂದು ನಾನೂ ಮ್ಯಾನೇಜರೂ ಮಾತಾಡಿಕೊಂಡಿದ್ದೇವೆ. ಈ ನವೆಂಬರಿನ ಲೈಫ್ ಸರ್ಟಿಫಿಕೇಟ್ ಕೆಲಸದ ಜೊತೆಗೇ ಅದು ಶುರುವಾಗುತ್ತದೆ.