ಮಾವನ ಕೈ ನಡುಗಿದಾಗ

ಬದಿಯಡ್ಕದ ಬಸ್ಸಲ್ಲಿ ಕೂತಾಗ ನೆನಪಾಯಿತು. ಕುಡಿತ ಬಿಟ್ಟ ಮೂರನೇ ದಿನ ಮಾವ ಕೈ ನಡುಗಿಸುತ್ತಾ ಎದುರಿಗಿಲ್ಲದವರ ಜೊತೆ ಮಾತಾಡತೊಡಗಿದ್ದರು. ಭೂತದ ಉಪದ್ರ ಅಂದುಕೊಂಡೆವು. ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು, ಅದು ವಿತ್‌ಡ್ರಾವಲ್, ಅಂದರೆ ಕುಡಿತ ನಿಂತಾಗ ಅದಕ್ಕೆ ಒಗ್ಗಿಹೋದ ಮೈ-ಮನಸ್ಸು ಪಡುವ ಪಾಡು. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. 'ಇವತ್ತೇ ಬಿಡಿ ಮಾವ' ಅಂತ ಹಟ ಹಿಡಿದವನು ನಾನು. ಈಗಲೂ ಮನಸ್ಸು ಚುಚ್ಚುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 1964ರಲ್ಲೇ 'ಚಟ'ದ ಬದಲು 'ಅವಲಂಬನೆ' ಎಂಬ ಪದ ಸೂಚಿಸಿತ್ತು. ನಮ್ಮೂರಲ್ಲಿ ಇನ್ನೂ 'ಕುಡುಕ' ಒಂದೇ.

ನಡುವೆ ಮಾವ ಮತ್ತೆ ಕುಡಿದರು. ಅದಕ್ಕೆ ಮರುಕಳಿಕೆ ಅನ್ನುತ್ತಾರೆ, ಜ್ವರ ಮರುಕಳಿಸಿದ ಹಾಗೆ. ಅತ್ತೆ ಬೈಯಲಿಲ್ಲ. ಗಂಜಿ ಬಡಿಸಿದರು, ಮರುದಿನ ಪುನಃ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಯಾರಿಗಾದರೂ ಬೇಕಾದರೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೂ ಮಾತಾಡುತ್ತಾರೆ.