ಪಾತ್ರಾ ಗುಡ್ಡದ ವೈನರಿ: ಹೋಗುವವರಿಗೆ ನಾಲ್ಕು ಮಾತು

ಮೊದಲೇ ಹೇಳಿಬಿಡ್ತೀನಿ, ಅಥೆನ್ಸ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಪ್ಲಾನ್ ಹಾಕಬೇಡಿ. ಗ್ರೀಸ್‌ನದೇ ಇನ್ನೊಂದು ಊರಾದ ಪಾತ್ರಾಕ್ಕೆ ಅಲ್ಲಿಂದ 210 ಕಿ.ಮೀ. ಆಗುತ್ತದೆ. ನಾವು ಹಾಗೇ ಮಾಡಿ ಸುಸ್ತಾದೆವು. ಒಂದು ರಾತ್ರಿ ಅಲ್ಲೇ ಉಳಿದರೆ ಸಂಜೆ ಸಮುದ್ರದ ಮೇಲೆ ಕಟ್ಟಿರುವ ರಿಯೋ-ಆಂಟಿರಿಯೋ ಸೇತುವೆಯನ್ನೂ ನೋಡಬಹುದು.

ಅಖಾಯಾ ಕ್ಲೌಸ್ ವೈನರಿ ಊರಿಂದ ಸುಮಾರು 8 ಕಿ.ಮೀ. ದೂರ, ಗುಡ್ಡದ ಮೇಲೆ. ಟ್ಯಾಕ್ಸಿಯವರ ಹತ್ತಿರ ವಾಪಸ್ ಬರುವ ಮಾತನ್ನೂ ಆಗಲೇ ಆಡಿಕೊಳ್ಳಿ. ನಾವು ಜಾಣರ ಥರ ಟ್ಯಾಕ್ಸಿ ಕಳಿಸಿ, ಆಮೇಲೆ ಬಿಸಿಲಲ್ಲಿ ಮುಕ್ಕಾಲು ಗಂಟೆ ಗೇಟು ಕಾದೆವು. ಒಳಗೆ ಸುತ್ತಾಡಿಸುವ ಸಮಯವನ್ನು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಂಡರೆ ಒಳ್ಳೆಯದು.

ಹೊರಗಿನಿಂದ ನೋಡಿದರೆ ಕಲ್ಲಿನ ಸಣ್ಣ ಕೋಟೆ. ಒಳಗೆ ಮಾತ್ರ ತಂಪು, ಅರೆಗತ್ತಲೆ, ಹಳೇ ಮರದ ಜೊತೆ ಬೆಲ್ಲದ ಪಾಕದಂಥ ವಾಸನೆ. ಒಂದೊಂದು ಪೀಪಾಯಿಯೂ ನನಗಿಂತ ಎತ್ತರ. ಮುಖಕ್ಕೆ ದ್ರಾಕ್ಷಿ ಗೊಂಚಲು, ಬಳ್ಳಿ ಎಲ್ಲ ಕೆತ್ತಿದ್ದಾರೆ. 1885ರಲ್ಲಿ ಆಸ್ಟ್ರಿಯಾದ ಮಹಾರಾಣಿ ಎಲಿಜಬೆತ್ ಇಲ್ಲಿಗೆ ಬಂದಿದ್ದರು. ಗೈಡ್ ತೋರಿಸುವ ಹಳೇ ವೈನ್ 1873ರದ್ದು. ಅದನ್ನು ರುಚಿ ನೋಡೋಕೆ ಕೊಡ್ತಾರೆ ಅಂದುಕೊಳ್ಳಬೇಡಿ!

ನನಗೆ ಹಿಡಿಸಿದ್ದು ಮಾಲೀಕರ ಕಥೆ. ಗುಸ್ಟಾಫ್ ಕ್ಲೌಸ್ ಜರ್ಮನಿಯ ಬವೇರಿಯಾದವನು. ಒಣದ್ರಾಕ್ಷಿ ರಫ್ತು ಮಾಡುವ ಕಂಪನಿಯ ಕೆಲಸಕ್ಕೆ ಅಂತ ಪಾತ್ರಾಕ್ಕೆ ಬಂದ. ಆಗ ಆ ಊರಿನ ದುಡ್ಡೆಲ್ಲ ಓಡಾಡುತ್ತಿದ್ದದ್ದೇ ಒಣದ್ರಾಕ್ಷಿ ಮೇಲೆ, ನಮ್ಮ ವಿಜಯಪುರದವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಡ್ಡದ ಮೇಲೆ ಜಾಗ ಕೊಂಡು 1861ರಲ್ಲಿ ವೈನರಿ ಶುರು ಮಾಡಿದ. ಮಾವ್ರೋದಾಫ್ನಿ ಅನ್ನೋ ಸಿಹಿ ವೈನ್‌ಗೆ ತೀರಿಹೋದ ದಾಫ್ನಿ ಎಂಬ ಕಪ್ಪು ಕಣ್ಣಿನ ಪ್ರೇಯಸಿಯ ಹೆಸರಿಟ್ಟ ಅಂತ ಅಲ್ಲಿ ಕಥೆ ಹೇಳ್ತಾರೆ. ದ್ರಾಕ್ಷಿ ತಳಿಯ ಹೆಸರೇ ಅದು ಅಲ್ವಾ, ನಾನು ಸುಮ್ನೆ ತಲೆಯಾಡಿಸಿದೆ.

ಕ್ಲೌಸ್ 1908ರಲ್ಲಿ ತೀರಿಕೊಂಡ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಆಸ್ತಿ ಅಂತ ಗ್ರೀಕ್ ಸರ್ಕಾರ ವೈನರಿಯನ್ನೇ ವಶಕ್ಕೆ ತಗೊಂಡಿತು. 1920ರಲ್ಲಿ ಅದನ್ನು ಕೊಂಡವರು ವ್ಲಾಸಿಸ್ ಆಂಟೊನೊಪೌಲೋಸ್. ಇವರೂ ಪಾತ್ರಾದ ಒಣದ್ರಾಕ್ಷಿ ವ್ಯಾಪಾರಿಯೇ! ಮುಂದೆ ಅವರ ಮನೆತನ ನಡೆಸಿತು. ಆದರೆ ಯುದ್ಧ ಮುಗಿದು ಎರಡೇ ವರ್ಷವಾಗಿದ್ದರೂ ಜರ್ಮನ್‌ನವನ ಹೆಸರನ್ನು ಬೋರ್ಡಿನಿಂದ ಅಳಿಸಲಿಲ್ಲ. ಹೆಸರಿಗೆ ಬೆಲೆಯಿದೆ ಅಂತ ವ್ಯಾಪಾರಿಗೆ ಗೊತ್ತಿರದೇ ಇರುತ್ತದಾ? ಗೈಡ್ ಈ ಭಾಗವನ್ನು ಎರಡೇ ಮಾತಲ್ಲಿ ಮುಗಿಸಿದರು, ದಾಫ್ನಿಗೆ ಮಾತ್ರ ಹತ್ತು ನಿಮಿಷ. ನೀವೇ ಕೆದಕಿ ಕೇಳಿ.

ಮಾವ್ರೋದಾಫ್ನಿ ಹುದುಗುತ್ತಿರುವಾಗಲೇ ಮದ್ಯಸಾರ ಸೇರಿಸಿ ಹುದುಗು ನಿಲ್ಲಿಸುತ್ತಾರೆ, ಅದಕ್ಕೇ ಸಿಹಿ ಉಳಿಯುತ್ತದೆ. ಖರ್ಜೂರದ ರುಚಿ, ಊಟದ ಜೊತೆಗಿಂತ ಊಟವಾದ ಮೇಲೆ ಚೆನ್ನ. ಜಾಸ್ತಿ ಕುಡಿಯೋಕೆ ಆಗಲ್ಲ. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ 2 ಲೀಟರ್ ತರಬಹುದು. ಬಾಟಲಿಯನ್ನು ಚೆಕ್-ಇನ್ ಬ್ಯಾಗಿಗೇ ಹಾಕಿ. ನಮ್ಮದು ಎರಡು ಜೀನ್ಸ್ ಸುತ್ತಿಕೊಂಡು ಬೆಂಗಳೂರು ಸೇರಿತು.