ಗುಮ್ಮಟದ ಕೆಳಗಿನ ಕೆಸರು

"ಅಕ್ಕಾ, ಇದೇ ನೋಡು ನಮ್ಮ ಕೆರೆ" ಎಂದು ತಮ್ಮ ಕಾರು ನಿಲ್ಲಿಸಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೆರೆಯಲ್ಲ, ಗುಮ್ಮಟ. ವಾಷಿಂಗ್ಟನ್ ರಾಜ್ಯದ ಶಾಸನಸಭೆಯ ಕಟ್ಟಡ ದಿಬ್ಬದ ಮೇಲೆ ಕೂತಿದೆ. 1928ರಲ್ಲಿ ಕಟ್ಟಿ ಮುಗಿಸಿದ್ದು, ಎತ್ತರ 287 ಅಡಿ. ಅದರ ಕಾಲಬುಡದಲ್ಲಿ ನೀರು. ಆ ನೀರಿನಲ್ಲಿ ಗುಮ್ಮಟ ತಲೆಕೆಳಗಾಗಿ ಕಾಣಬೇಕು ಅನ್ನುವುದಕ್ಕೇ ಕೆರೆ ಮಾಡಿದ್ದು ಎಂದ. ಬಗ್ಗಿ ನೋಡಿದೆ. ಆಗಸ್ಟ್ ಕೊನೆಯ ವಾರ, ದಡದುದ್ದಕ್ಕೂ ಪಾಚಿ ಹೆಪ್ಪು ಹಾಕಿದ ಹಾಗೆ ನಿಂತಿತ್ತು. ಗುಮ್ಮಟದ ತುದಿಯೊಂದು ಮಾತ್ರ ಪಾಚಿ ಇಲ್ಲದ ಜಾಗ ಹುಡುಕಿಕೊಂಡು ಅಲ್ಲಾಡುತ್ತಿತ್ತು.

"ಇದನ್ನ ಬರಿದು ಮಾಡ್ತಾರಂತೆ" ಎಂದ ತಮ್ಮ, ಹಿರಿಯರ ಮನೆ ಮಾರುತ್ತಾರಂತೆ ಎನ್ನುವ ಧಾಟಿಯಲ್ಲಿ.

ಒಲಿಂಪಿಯಾ ಸಿಯಾಟಲ್‌ನಿಂದ ದಕ್ಷಿಣಕ್ಕೆ ಸುಮಾರು 60 ಮೈಲಿ. ಪ್ಯುಜೆಟ್ ಸೌಂಡ್ ಎಂಬ ಸಮುದ್ರದ ತೋಳು ನೆಲದೊಳಗೆ ನುಗ್ಗಿ ನುಗ್ಗಿ ಕೊನೆಗೆ ದಣಿದು ನಿಲ್ಲುವುದು ಇಲ್ಲಿ. ಆ ತೋಳಿನ ಒಂದು ಬೆರಳಿಗೆ ಬಡ್ ಇನ್ಲೆಟ್ ಎಂದು ಹೆಸರು. ಪಕ್ಕದ ಊರು ಟಮ್‌ವಾಟರ್‌ನಲ್ಲಿ ಬಂಡೆಗಳ ಮೇಲಿಂದ ಧುಮುಕುವ ಡೆಶೂಟ್ಸ್ ಹೊಳೆ ಇಲ್ಲಿಗೇ ಬಂದು ಸಮುದ್ರ ಸೇರುತ್ತಿತ್ತು. ಹೊಳೆ ಕಡಲು ಕೂಡುವ ಇಂಥ ಜಾಗವನ್ನು ನಾವು ಅಳಿವೆ ಎನ್ನುತ್ತೇವೆ. ನಾನು ಹುಟ್ಟಿ ಬೆಳೆದದ್ದು ಅಘನಾಶಿನಿ ಅಳಿವೆಯ ಬದಿಯಲ್ಲಿ. ತಮ್ಮ ಕೆರೆ ಎಂದದ್ದರ ಅಡಿಯಲ್ಲಿ ಮೊದಲ ದಿನವೇ ನನಗೆ ಅಳಿವೆ ಕಂಡಿತು. ಇದು ನನ್ನ ಪಕ್ಷಪಾತ, ಮೊದಲೇ ಹೇಳಿಬಿಡುತ್ತೇನೆ.

1911ರಲ್ಲಿ ರಾಜಧಾನಿಯ ಕಟ್ಟಡಗಳಿಗೆ ಒಂದು ಸ್ಪರ್ಧೆ ನಡೆಯಿತು. ಗೆದ್ದವರು ನ್ಯೂಯಾರ್ಕಿನ ವೈಲ್ಡರ್ ಮತ್ತು ವೈಟ್ ಎಂಬ ವಾಸ್ತುಶಿಲ್ಪಿಗಳು. ದಿಬ್ಬದ ಕೆಳಗೆ ನಿಂತ ನೀರಿರಬೇಕು ಎಂಬ ಕನಸು ಅವರ ನಕ್ಷೆಯಲ್ಲೇ ಇತ್ತು. ಆದರೆ ಎದುರಿಗಿದ್ದದ್ದು ದಿನಕ್ಕೆ ಎರಡು ಸಲ ತುಂಬಿ ಎರಡು ಸಲ ಬತ್ತುವ ಕೆಸರುಬಯಲು. ಇಲ್ಲಿ ಉಬ್ಬರ–ಇಳಿತದ ಅಂತರ ಸುಮಾರು 14 ಅಡಿ. ಒಂದು ಆಳಿನ ಮೇಲೆ ಇನ್ನೊಂದು ಆಳು ನಿಂತರೂ ಮುಳುಗುವಷ್ಟು! ನಮ್ಮ ಕಡೆಯ ಆರಡಿ ಉಬ್ಬರ ಕಂಡವಳಿಗೆ ಈ ಲೆಕ್ಕ ನಂಬಲು ಎರಡು ದಿನ ಬೇಕಾಯಿತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಮನೆ ಕಳೆದುಕೊಂಡವರು ಆ ಕೆಸರಿನ ಅಂಚಿನಲ್ಲಿ ತಗಡು ಹಲಗೆ ಜೋಡಿಸಿ ಗುಡಿಸಲು ಕಟ್ಟಿಕೊಂಡಿದ್ದರು. ಊರವರು ಅದಕ್ಕೆ 'ಲಿಟಲ್ ಹಾಲಿವುಡ್' ಎಂದು ಹೆಸರಿಟ್ಟು ನಕ್ಕರಂತೆ. ಆಮೇಲೆ ಗುಡಿಸಲುಗಳನ್ನು ತೆಗೆಸಿದರು. 1951ರಲ್ಲಿ ಐದನೇ ಅವೆನ್ಯೂ ರಸ್ತೆಯ ಹತ್ತಿರ ಕಟ್ಟ ಕಟ್ಟಿದರು. ಕಡಲು ಆಚೆ ಉಳಿಯಿತು, ಹೊಳೆ ಈಚೆ ನಿಂತಿತು. ಸುಮಾರು 260 ಎಕರೆ ಸಿಹಿನೀರಿಗೆ ಕ್ಯಾಪಿಟಲ್ ಲೇಕ್ ಎಂದು ಹೆಸರಾಯಿತು.

ಮರುದಿನ ಬೆಳಿಗ್ಗೆ ಕೆರೆಗೆ ಸುತ್ತು ಹೊರಟೆವು. ಉತ್ತರದ ಭಾಗವನ್ನು ಒಂದು ಸುತ್ತು ಹಾಕಿದರೆ ಒಂದೂವರೆ ಮೈಲಿ. ತಮ್ಮ ಈ ಸುತ್ತನ್ನು ವಾರಕ್ಕೆ ಐದು ದಿನ ಹಾಕುತ್ತಾನೆ. ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು, ಊಟದ ಬಿಡುವಿನಲ್ಲಿ ಬೂಟು ಬದಲಿಸಿ ಓಡುವ ಸರ್ಕಾರಿ ನೌಕರರು, ಎಲ್ಲರೂ ಅಲ್ಲೇ. ಆದರೆ ನೀರಿನ ಮೇಲೆ ಒಂದು ದೋಣಿಯಿಲ್ಲ, ನೀರಿಗೆ ಕಾಲಿಳಿಬಿಟ್ಟ ಒಬ್ಬ ಹುಡುಗನಿಲ್ಲ. ಕಾರಣ ಫಲಕಗಳಲ್ಲಿತ್ತು. 2009ರಲ್ಲಿ ಇಲ್ಲಿ ನ್ಯೂಜಿಲೆಂಡಿನ ಕೆಸರು ಬಸವನಹುಳು ಸಿಕ್ಕಿತು. ಅಕ್ಕಿಕಾಳಿಗಿಂತ ಚಿಕ್ಕದು. ಗಂಡಿನ ಹಂಗಿಲ್ಲದೆ ಒಂದೇ ಹೆಣ್ಣು ಮರಿ ಹಾಕುತ್ತಾ ಹೋಗುತ್ತದೆ, ಬೂಟಿಗೋ ದೋಣಿಯ ತಳಕ್ಕೋ ಅಂಟಿ ಬೇರೆ ನೀರಿಗೆ ದಾಟುತ್ತದೆ. ಅದಕ್ಕೇ ಇಡೀ ಕೆರೆಗೆ ಬೀಗ. ಚಳಿಗಾಲದಲ್ಲಿ ನೀರು ಇಳಿಸಿ ಹುಳುವನ್ನು ಹಿಮಕ್ಕೆ ಒಡ್ಡಿ ನೋಡಿದರು, ಬೇಕಷ್ಟು ಸತ್ತವು, ಬೇಕಷ್ಟು ಉಳಿದವು. ಈಜು ಇನ್ನೂ ಮೊದಲೇ, 1985ರಲ್ಲೇ ನಿಂತಿತ್ತು, ನೀರು ಕೆಟ್ಟಿದೆ ಎಂದು. ಮುಟ್ಟಬಾರದ ನೀರಿನ ಸುತ್ತ ಇಷ್ಟು ಪ್ರೀತಿಯಿಂದ ನಡೆಯುವ ಜನರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಬೆಂಚಿನಲ್ಲಿ ಒಬ್ಬ ಅಜ್ಜ ಕೂತಿದ್ದರು. ತಮ್ಮನಿಗೆ ನಡಿಗೆಯ ಪರಿಚಯ. ಕೈಯೆತ್ತಿ ಆಚೆ ದಡ ತೋರಿಸಿದರು. ಅಲ್ಲಿ ಈಜು ಕಲಿತದ್ದಂತೆ. ಪ್ರತಿ ಜುಲೈಯಲ್ಲಿ ಲೇಕ್‌ಫೇರ್ ಎಂಬ ಜಾತ್ರೆ ಇಲ್ಲೇ, 1957ರಿಂದ. ಮಕ್ಕಳಾಗುವ ಮೊದಲು ಹೆಂಡತಿಯ ಜೊತೆ, ಆಮೇಲೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಅಲ್ಲಿ ಪಟಾಕಿ ನೋಡಿದ್ದಂತೆ. "ಹೂಳೆತ್ತಿ ಅಂದೆವು. 1986ರ ನಂತರ ಒಂದು ಸಲವೂ ಎತ್ತಲಿಲ್ಲ. ನಾವೇ ಕೆಡಿಸಿ, ಕೆಟ್ಟಿದೆ, ಒಡೆಯಿರಿ ಅಂದರೆ?" ಎಂದು ಕೇಳಿದರು. ಮಾತಿನಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ತಮ್ಮ ಜೋರಾಗಿ ತಲೆಯಾಡಿಸಿದ. ನಾನೂ ಸ್ವಲ್ಪ ಆಡಿಸಿದೆ, ಸುಳ್ಳೇಕೆ ಹೇಳಲಿ.

ಆದರೆ ಹೂಳಿನ ಲೆಕ್ಕ ಕೇಳಿದ ಮೇಲೆ ತಲೆಯಾಡಿಸುವುದು ಕಷ್ಟ. ಹೊಳೆ ವರ್ಷಕ್ಕೆ ಸುಮಾರು 35,000 ಘನ ಗಜ ಮಣ್ಣು ತಂದು ಹಾಕುತ್ತದೆ. ಹತ್ತು ಘನ ಗಜ ಹಿಡಿಸುವ ಟಿಪ್ಪರಿನಲ್ಲಿ ಮೂರೂವರೆ ಸಾವಿರ ಲೋಡು, ಪ್ರತಿ ವರ್ಷ. ಕಟ್ಟದ ಬಾಗಿಲು ದಾಟಲಾಗದ ಮಣ್ಣು ಕೆರೆಯ ಹೊಟ್ಟೆಯಲ್ಲಿ ಕೂರುತ್ತದೆ. ನೀರು ತೆಳ್ಳಗಾಗುತ್ತದೆ, ಬಿಸಿಲು ತಳ ಮುಟ್ಟುತ್ತದೆ, ಕಳೆಯೂ ಪಾಚಿಯೂ ಬೆಳೆಯುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ಕೆರೆಯಲ್ಲಿ ಮಾತ್ರವಲ್ಲ, ಕಟ್ಟ ದಾಟಿ ಬಡ್ ಇನ್ಲೆಟಿನ ಉಪ್ಪುನೀರಿನಲ್ಲೂ. ಇನ್ಲೆಟಿನ ಉಸಿರು ಕಟ್ಟಿಸುವುದರಲ್ಲಿ ಈ ಕಟ್ಟದ್ದೇ ದೊಡ್ಡ ಪಾಲು ಎನ್ನುವುದು ರಾಜ್ಯದ ಪರಿಸರ ಇಲಾಖೆಯ ತೀರ್ಮಾನ.

ಜಗಳ ಹಲವು ದಶಕಗಳದ್ದು. 2022ರ ಅಕ್ಟೋಬರಿನಲ್ಲಿ ರಾಜ್ಯದ ಅಂತಿಮ ಪರಿಸರ ಪರಿಣಾಮ ವರದಿ ಬಂತು. ಕೆರೆಯನ್ನು ಹೂಳೆತ್ತಿ ಉಳಿಸುವುದು, ಕಟ್ಟ ತೆಗೆದು ಅಳಿವೆಯನ್ನು ಮರಳಿ ತರುವುದು, ಅಳಿವೆಯ ನಡುವೆ ಗೋಡೆ ಹಾಕಿ ಗುಮ್ಮಟಕ್ಕೆಂದೇ ಒಂದು ಕನ್ನಡಿ ಕೊಳ ಉಳಿಸುವುದು, ಹೀಗೆ ಮೂರು ದಾರಿ ತೂಗಿ ಎರಡನೆಯದನ್ನು ಆರಿಸಿತು. ಕಟ್ಟದ ಜಾಗದಲ್ಲಿ 500 ಅಡಿ ಅಗಲದ ಬಾಯಿ, ಹೊಸ ಸೇತುವೆ, ಎತ್ತಿದ ಹೂಳಿನಿಂದಲೇ ಅಳಿವೆಯೊಳಗೆ ದಿಬ್ಬಗಳು. ಮೂರನೆಯ ದಾರಿಯ ಕನ್ನಡಿ ಕೊಳದ ಬಗ್ಗೆ ಓದಿ ನನಗೆ ನಗು ಬಂತು. ಜಗಳ ಬಿಡಿಸಲು ಹೋಗುವವರು ಎಲ್ಲ ದೇಶದಲ್ಲೂ ನಡುವೆ ಗೋಡೆ ಹಾಕುತ್ತಾರೆ.

ನಿರ್ಧಾರವಾದ ಮಾತ್ರಕ್ಕೆ ಬಾಯಿ ಮುಚ್ಚುವ ಊರಲ್ಲ ಅದು. ಕಟ್ಟ ತೆಗೆದರೆ ಮಣ್ಣೆಲ್ಲ ಕೆಳಗಿನ ಬಂದರಿಗೆ, ದೋಣಿ ನಿಲ್ಲಿಸುವ ಮರೀನಾಗಳಿಗೆ ಹೋಗಿ ಕೂರುವುದಿಲ್ಲವೇ? ಕೂರುತ್ತದೆ, ವರದಿಯೇ ಒಪ್ಪುತ್ತದೆ. ಅದನ್ನು ಎತ್ತುವ ಖರ್ಚನ್ನು ರಾಜ್ಯ, ನಗರಗಳು, ಬಂದರು, ಬುಡಕಟ್ಟಿನ ಆಡಳಿತ ಎಲ್ಲ ಕೂತು ಹಂಚಿಕೊಳ್ಳುವ ಮಾತಾಗಿದೆ. ಇನ್ನು ವಾಸನೆ. ನಾನು ಯಾರ ಹತ್ತಿರ ಮಾತಾಡಿದರೂ ಕೊನೆಗೆ ಮೂಗಿಗೇ ಬಂದು ನಿಲ್ಲುತ್ತಿದ್ದರು. ನೀರು ಇಳಿದಾಗ ಕೆಸರು ನಾರುತ್ತದೆ, ರಾಜಧಾನಿಯ ನಡುವೆ!

ನನ್ನ ಮತ್ತು ತಮ್ಮನ ಜಗಳ ಶುರುವಾದದ್ದೂ ಅಲ್ಲೇ. "ನಾರೋದು ಅಲ್ಲ, ಅದು ಅಳಿವೆ ವಾಸನೆ" ಎಂದೆ. ಅವನು ಕಾರು ಓಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಕ್ಕಾ, ನಿಂಗೆ ಗೊತ್ತಿಲ್ಲ. ಅಮ್ಮ ಕೆಸರಲ್ಲಿ ಬಳಚು ಚಿಪ್ಪು ಆರಿಸಿ ಬಂದು ಅದೇ ಸೀರೇಲಿ ನನ್ನ ಶಾಲೆ ಹತ್ರ ಬರ್ತಿದ್ಲು. ಹುಡುಗರು ಮೂಗು ಮುಚ್ಚಿಕೊಳ್ತಿದ್ರು. ಆ ಕೆಸರಿಂದ ಓಡಿ ಇಷ್ಟು ದೂರ ಬಂದೆ. ಇಲ್ಲಿಗೂ ಅದೇ ಬರಬೇಕಾ?" ನಾನೂ ಅದೇ ಶಾಲೆಗೆ ಹೋದವಳು, ಅದೇ ಸೀರೆಯ ಸೆರಗು ಹಿಡಿದವಳು. ಇದನ್ನು ಅವನು ಇಷ್ಟು ವರ್ಷ ಹೇಳಿರಲಿಲ್ಲ.

ಮೂರನೆಯ ದಿನ ನಾನೇ ಹಟ ಮಾಡಿ ಅವನನ್ನು ನಿಸ್ಕ್ವಾಲಿಗೆ ಎಳೆದುಕೊಂಡು ಹೋದೆ. ಒಲಿಂಪಿಯಾದಿಂದ ಪೂರ್ವಕ್ಕೆ ಕಾರಿನಲ್ಲಿ ಕಾಲು ಗಂಟೆ. ಅಲ್ಲಿ ನಿಸ್ಕ್ವಾಲಿ ಹೊಳೆಯ ಮುಖಜಭೂಮಿಗೆ ನೂರು ವರ್ಷದ ಹಿಂದೆ ಒಬ್ಬ ರೈತ ಒಡ್ಡು ಹಾಕಿ, ಕಡಲು ಹೊರಗಿಟ್ಟು, ಹುಲ್ಲುಗಾವಲು ಮಾಡಿದ್ದ. ಅವನ ಜೋಡಿ ಕೊಟ್ಟಿಗೆಗಳು ಈಗಲೂ ನಿಂತಿವೆ. 2009ರಲ್ಲಿ ಒಡ್ಡು ಒಡೆದು 762 ಎಕರೆಯನ್ನು ಉಬ್ಬರಕ್ಕೆ ಮರಳಿ ಕೊಟ್ಟರು. ಒಡ್ಡಿನ ಮೇಲೆ ದಿನಾ ನಡೆಯುತ್ತಿದ್ದವರ ಸುತ್ತುದಾರಿ ಹೋಯಿತು, ಸಿಹಿನೀರ ಕೊಳಗಳು ಕಡಿಮೆಯಾದವು. ಅಲ್ಲೂ ಗೊಣಗಾಟ ಇಲ್ಲದೆ ಇರಲಿಲ್ಲ.

ನಾವು ಹೋದಾಗ ಇಳಿತ. ಬೇಸಿಗೆಯಲ್ಲಿ ಇಲ್ಲಿ ದೊಡ್ಡ ಇಳಿತಗಳು ಹಗಲಲ್ಲೇ ಬರುತ್ತವೆ, ಹೋಗುವವರು ಉಬ್ಬರದ ಪಟ್ಟಿ ನೋಡಿಕೊಂಡು ಹೋಗಿ. ಹಲಗೆ ಹಾಸಿದ ದಾರಿ ಕೆಸರಿನ ಮೇಲೆ ದೂರ ಚಾಚಿದೆ. ತುದಿಯವರೆಗೆ ನಡೆದು ಕೂತೆವು. ಕೆಳಗೆ ಕೆಸರು ಬಿಸಿಲಿಗೆ ಚಿಟಿಚಿಟಿ ಸದ್ದು ಮಾಡುತ್ತಿತ್ತು. ಸಾವಿರ ತೂತು, ತೂತಿಗೊಂದು ಜೀವ. ಕೊಕ್ಕರೆಯೊಂದು ಒಂದೊಂದೇ ಹೆಜ್ಜೆ ಇಡುತ್ತಾ ಕಾಲುವೆ ಗುಡಿಸಿತು. ಹೊಳೆಯಿಂದ ಇಳಿದು ಬಂದ ಸಾಲ್ಮನ್ ಮೀನಿನ ಮರಿಗಳು ಒಮ್ಮೆಲೇ ಕಡಲಿಗೆ ಹೋಗುವುದಿಲ್ಲ. ಅರೆ ಉಪ್ಪಿನ ಇಂಥ ಕಾಲುವೆಗಳಲ್ಲಿ ಕೆಲ ವಾರ ತಿಂದು ದಪ್ಪಗಾಗಿ, ಮೈಯನ್ನು ಉಪ್ಪಿಗೆ ಒಗ್ಗಿಸಿಕೊಂಡು ಹೋಗುತ್ತವೆ. ಕ್ಯಾಪಿಟಲ್ ಲೇಕಿನಲ್ಲಿ ಆ ನಡುಮನೆಯೇ ಇಲ್ಲ. ಸಿಹಿನೀರು, ಕಟ್ಟ, ಕೂಡಲೇ ಉಪ್ಪುನೀರು.

ಈಗ ವನ್ಯಜೀವಿ ತಾಣವಾಗಿರುವ ಈ ಜಾಗಕ್ಕೆ ಬಿಲ್ಲಿ ಫ್ರಾಂಕ್ ಜೂನಿಯರ್ ಅವರ ಹೆಸರಿಟ್ಟಿದ್ದಾರೆ. ನಿಸ್ಕ್ವಾಲಿ ಬುಡಕಟ್ಟಿನ ಆ ಮನುಷ್ಯ ತನ್ನ ಹೊಳೆಯಲ್ಲಿ ತಾನು ಮೀನು ಹಿಡಿದದ್ದಕ್ಕೆ ಐವತ್ತಕ್ಕೂ ಹೆಚ್ಚು ಸಲ ಬಂಧನವಾದವರು. 1854ರಲ್ಲಿ ಈ ಮುಖಜಭೂಮಿಯ ಹತ್ತಿರವೇ ಇಲ್ಲಿನ ಬುಡಕಟ್ಟುಗಳಿಗೂ ಅಮೆರಿಕ ಸರ್ಕಾರಕ್ಕೂ ಮೆಡಿಸಿನ್ ಕ್ರೀಕ್ ಒಪ್ಪಂದವಾಯಿತು. ನೆಲ ಬಿಟ್ಟುಕೊಟ್ಟವರು ಮೀನಿನ ಹಕ್ಕು ಉಳಿಸಿಕೊಂಡರು. ಆ ಹಕ್ಕೆಂದರೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಎಂದು ನ್ಯಾಯಾಲಯ ಹೇಳಲು 1974 ಬರಬೇಕಾಯಿತು. ಬಡ್ ಇನ್ಲೆಟಿನಲ್ಲಿ ಬಾಳಿದ್ದವರ ವಂಶದವರು ಇಂದಿನ ಸ್ಕ್ವಾಕ್ಸಿನ್ ಐಲೆಂಡ್ ಬುಡಕಟ್ಟಿನಲ್ಲಿದ್ದಾರೆ. ಕಟ್ಟ ತೆಗೆಯಿರಿ ಎಂದು ಬಹುಕಾಲದಿಂದ ಹೇಳುತ್ತಾ ಬಂದವರು ಅವರು. ಈ ಕರಾವಳಿಯ ಮೂಲನಿವಾಸಿಗಳಲ್ಲಿ ಒಂದು ಮಾತಿದೆ: ನೀರು ಇಳಿಯಿತೆಂದರೆ ಊಟ ಬಡಿಸಿದ ಹಾಗೆ. ಅಮ್ಮ ಕೇಳಿದ್ದರೆ, ಇದರಲ್ಲಿ ಹೇಳುವುದೇನಿದೆ ಎನ್ನುತ್ತಿದ್ದಳು.

ಆ ಹಲಗೆಯ ಮೇಲೆ ಕೂತು 'ಬರಿದು' ಎಂಬ ಮಾತಿನ ಬಗ್ಗೆ ಯೋಚಿಸಿದೆ. ಕೆರೆಯವರು ಬರಿದು ಮಾಡುತ್ತಾರೆ ಎನ್ನುತ್ತಾರೆ, ಅಳಿವೆಯವರು ಕಡಲನ್ನು ಒಳಗೆ ಬಿಡುತ್ತೇವೆ ಎನ್ನುತ್ತಾರೆ. ದಿನಕ್ಕೆರಡು ಸಲ ಹದಿನಾಲ್ಕು ಅಡಿ ತುಂಬುವುದು ಹೇಗೆ ಬರಿದು? ಉಬ್ಬರದಲ್ಲಿ ಗುಮ್ಮಟವೂ ಬೇಕಾದರೆ ತಲೆಕೆಳಗಾಗಿ ಕಾಣಲಿ. ತಮ್ಮನಿಗೆ ಇದನ್ನು ಹೇಳಿದೆ. "ನೀರಿಲ್ಲದಾಗ ನೋಡೋರು ಏನು ಮಾಡಬೇಕು?" ಎಂದ. "ಕಾಯಬೇಕು" ಎಂದೆ. ಅವನಿಗೆ ಅದು ಉತ್ತರ ಅನ್ನಿಸಲಿಲ್ಲ.

ಟಮ್‌ವಾಟರ್ ಜಲಪಾತಕ್ಕೆ ಹೋದ ಕತೆ ಚಿಕ್ಕದು. ಚಿನೂಕ್ ಸಾಲ್ಮನ್‌ಗಳು ಮೀನಿನ ಮೆಟ್ಟಿಲು ಹತ್ತುವ ಕಾಲ. ನೊರೆಯಲ್ಲಿ ತೋಳಿನಷ್ಟು ಉದ್ದದ ಬೆನ್ನುಗಳು ಎದ್ದು ಬೀಳುತ್ತಿದ್ದವು, ಮಕ್ಕಳು ಕಿರುಚುತ್ತಿದ್ದರು. ಚೆಂದವೇ. ಆದರೆ ಮೆಟ್ಟಿಲು ಕಟ್ಟುವ ಮೊದಲು ಸಾಲ್ಮನ್ ಈ ಜಲಪಾತ ದಾಟುತ್ತಿರಲಿಲ್ಲ, ಈ ಚಿನೂಕ್‌ಗಳು ಮನುಷ್ಯರು ಮೀನುಮರಿ ಬೆಳೆಸಿ ಬಿಡುವ ಮರಿಕೇಂದ್ರದವು. ಕೆರೆಯ ಪಕ್ಷದವರಿಗೆ ಇದೊಂದು ಒಳ್ಳೆಯ ಆಯುಧ. ಹಿಂದಿನ ಸ್ಥಿತಿ, ಹಿಂದಿನ ಸ್ಥಿತಿ ಎನ್ನುತ್ತೀರಿ, ಯಾವ ಹಿಂದು?

ಕೊನೆಯ ಸಂಜೆ ತಮ್ಮ ತನ್ನ ತುರುಪು ಇಳಿಸಿದ. ಕತ್ತಲಾಗುವ ಮೊದಲು ಕೆರೆಯ ಅಂಚಿಗೆ ಕರೆದುಕೊಂಡು ಹೋಗಿ "ಮೇಲೆ ನೋಡು" ಎಂದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಬಾವಲಿ, ನಾಲ್ಕು, ಆಮೇಲೆ ಎಣಿಸಲು ಹೋದವಳಿಗೆ ಹನ್ನೊಂದಕ್ಕೆ ತಪ್ಪಿತು. ಒಲಿಂಪಿಯಾದ ಉತ್ತರಕ್ಕೆ ವುಡಾರ್ಡ್ ಬೇ ಎಂಬಲ್ಲಿ, ಹಿಂದೆ ಮರದ ದಿಮ್ಮಿ ಕಡಲಿಗೆ ಇಳಿಸುತ್ತಿದ್ದ ಹಳೆಯ ಕಟ್ಟೆಯ ಅಡಿಯಲ್ಲಿ ಸಾವಿರಗಟ್ಟಲೆ ಬಾವಲಿಗಳ ಸಂಸಾರ. ರಾತ್ರಿ ಹುಳು ಹಿಡಿಯಲು ಅವು ಮೈಲಿಗಟ್ಟಲೆ ಹಾರಿ ಈ ಸಿಹಿನೀರಿಗೇ ಬರುತ್ತವೆ. ಉಪ್ಪು ಬಂದರೆ ಈ ಹುಳುಗಳು ಈಗಿನ ಹಾಗೆ ಏಳುವುದಿಲ್ಲ. ಮನುಷ್ಯ ಕಟ್ಟಿ ಬಿಟ್ಟ ಕಟ್ಟೆಯಲ್ಲಿ ಮನೆ, ಮನುಷ್ಯ ಕಟ್ಟಿ ನಿಲ್ಲಿಸಿದ ನೀರಿನ ಮೇಲೆ ಊಟ. ಜೀವನೆಲೆ ಮರಳಿ ತರುತ್ತೇವೆ ಎನ್ನುವವರು ಈ ಜೀವಕ್ಕೆ ಏನು ಹೇಳುತ್ತಾರೆ?

"ಹೇಳು ಈಗ" ಎಂದ ತಮ್ಮ. ನನ್ನ ಹತ್ತಿರ ಏನೂ ಇರಲಿಲ್ಲ. ಬಾವಲಿಗಳು ನೀರಿನ ಮೈ ಸವರಿಕೊಂಡು ತಿರುಗಿ ತಿರುಗಿ ಬರುತ್ತಿದ್ದವು. ಮೇಲೆ ಗುಮ್ಮಟಕ್ಕೆ ದೀಪ ಹತ್ತಿತು. ಐದನೇ ಅವೆನ್ಯೂ ಕಡೆಗೆ ನಡೆದು ಕಟ್ಟದ ಆಚೆಗೆ ಇಣುಕಿದೆವು. ಇಳಿತ ತಿರುಗಿ ನೀರು ಏರುತ್ತಿತ್ತು. ಬಾಗಿಲ ಹತ್ತಿರ ಒಂದು ಸೀಲ್ ತಲೆಯೆತ್ತಿ, ಒಳಗೆ ಹೋಗಲು ಕಾಯುವ ಮೀನುಗಳಿಗಾಗಿ ತಾನೂ ಕಾಯುತ್ತಿತ್ತು.

ಅವತ್ತು ಒಂದು ಸೊಳ್ಳೆಯೂ ಕಡಿಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ತಮ್ಮ ಅದನ್ನೂ ಕೆರೆಯ ಲೆಕ್ಕಕ್ಕೆ ಜಮಾ ಮಾಡಿಕೊಂಡ.